ಕಾಂಕ್ರೀಟ್ ಅಳತೆ ಪೆಟ್ಟಿಗೆ: ತಗಡಿನದೋ, ಪ್ಲೈವುಡ್ಡಿನದೋ?

ಮನೆ ಕಟ್ಟಿಸುವವರು ಸಿಮೆಂಟ್ ಯಾವ ಕಂಪನಿಯದು, ಕಂಬಿ ಯಾವುದು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಮೋಲ್ಡ್ (ತಾರಸಿಯ ಕಾಂಕ್ರೀಟ್) ಹಾಕುವ ದಿನ ಮಾತ್ರ ಎಂ-ಸ್ಯಾಂಡು (ಕಲ್ಲು ಪುಡಿ ಮಾಡಿದ ಮರಳು), ಜಲ್ಲಿ ಎರಡೂ ಬಾಂಡ್ಲಿ ಲೆಕ್ಕದಲ್ಲಿ ಮಿಲ್ಲರ್‌ಗೆ, ಅಂದರೆ ಕಾಂಕ್ರೀಟ್ ಕಲಸುವ ಯಂತ್ರಕ್ಕೆ, ಬೀಳುತ್ತವೆ. ಬೆಳಿಗ್ಗೆ ತುಂಬಿದ ಬಾಂಡ್ಲಿಯೂ ಸಂಜೆ ಸುಸ್ತಾದ ಕೈ ತುಂಬಿದ ಬಾಂಡ್ಲಿಯೂ ಒಂದೇ ಅಲ್ಲ. ಇದಕ್ಕೆ ಮದ್ದು ಗೇಜ್ ಬಾಕ್ಸ್, ಅಂದರೆ ಅಳತೆ ಪೆಟ್ಟಿಗೆ.

50 ಕೆಜಿ ಸಿಮೆಂಟ್ ಚೀಲ ಸುಮಾರು 35 ಲೀಟರ್ ಜಾಗ ಹಿಡಿಯುತ್ತದೆ, 1.25 ಘನ ಅಡಿ. ಪೆಟ್ಟಿಗೆಯ ಒಳ ಅಳತೆ 15×12×12 ಇಂಚು ಇದ್ದರೆ ಅದೂ ಅಷ್ಟೇ ಹಿಡಿಯುತ್ತದೆ. ಆಗ ಎಂ20 ಎಂಬ ಬಲದ ದರ್ಜೆಯ ಕಾಂಕ್ರೀಟಿನ 1:1.5:3 (ಸಿಮೆಂಟ್:ಮರಳು:ಜಲ್ಲಿ) ಅಂದರೆ ಒಂದು ಚೀಲಕ್ಕೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ಸಿಮೆಂಟನ್ನು ಪೆಟ್ಟಿಗೆಯಲ್ಲಿ ಅಳೆಯಲೇಬೇಡಿ. ಸುರಿದಾಗ ಗಾಳಿ ಸೇರಿ ಉಬ್ಬುತ್ತದೆ. ಇಡೀ ಚೀಲವೇ ಅಳತೆ. ಇನ್ನು ಕೆಲವು ಕಡೆ ಇವತ್ತಿಗೂ ತಾರಸಿಗೆ 1:2:4 ಹಾಕುತ್ತಾರೆ. ಅದು ಎಂ15, ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456 ಪ್ರಕಾರ ಆರ್‌ಸಿಸಿಗೆ (ಕಂಬಿ ಕಟ್ಟಿದ ಕಾಂಕ್ರೀಟಿಗೆ) ಕನಿಷ್ಠ ಎಂ20 ಬೇಕು.

ಪ್ಲೈವುಡ್ ಪೆಟ್ಟಿಗೆ ಅಗ್ಗ, ಸೆಂಟ್ರಿಂಗ್‌ನವರೇ (ಕಾಂಕ್ರೀಟಿಗೆ ಹಲಗೆ ಕಟ್ಟುವವರೇ) ಮಾಡಿಕೊಡುತ್ತಾರೆ. ತೊಂದರೆ ಏನೆಂದರೆ ಬಡಗಿ ಹೊರ ಅಳತೆ ಹಿಡಿದು ಕತ್ತರಿಸುತ್ತಾನೆ. 12 ಎಂಎಂ ಹಲಗೆಯಲ್ಲಿ ಹೊರಗೆ 15×12×12 ಮಾಡಿದರೆ ಒಳಗೆ ಹಿಡಿಯುವುದು ಶೇ. 17ರಷ್ಟು ಕಡಿಮೆ. ಕಾಂಕ್ರೀಟ್ ಬಲ ಕಳೆದುಕೊಳ್ಳುವುದಿಲ್ಲ ನಿಜ, ಆದರೆ ಸಿಮೆಂಟ್ ಚೀಲಗಳು ಲೆಕ್ಕ ಮೀರಿ ಖಾಲಿಯಾಗುತ್ತವೆ. ನೆನೆದ ಹಲಗೆ ಉಬ್ಬಿ ಮೂಲೆ ಬಿಡುವುದು ಬೇರೆ.

ತಗಡಿನ ಪೆಟ್ಟಿಗೆಯೇ ವಾಸಿ. 16 ಗೇಜ್ ತಗಡು, ಬಾಯಿಯ ಸುತ್ತ ಆಂಗ್ಲ್ ಪಟ್ಟಿ (ಎಲ್ ಆಕಾರದ ಕಬ್ಬಿಣ), ಒಳಗೆ ಅರ್ಧ ಎತ್ತರಕ್ಕೆ (6 ಇಂಚು) ವೆಲ್ಡಿಂಗ್ ಗೆರೆ ಕೇಳಿ ಮಾಡಿಸಿ. ಆ ಗೆರೆ ಇಲ್ಲದಿದ್ದರೆ 'ಒಂದೂವರೆ' ಕಣ್ಣಂದಾಜಿಗೆ ಹೋಗುತ್ತದೆ. ಆಂಗ್ಲ್ ಹಾಕದ ಪೆಟ್ಟಿಗೆಯ ಉದ್ದನೆಯ ಎರಡೂ ಬದಿ ಸರಾಸರಿ ಕಾಲಿಂಚು ಹೊರಕ್ಕೆ ಬಾಗಿದರೆ ಶೇ. 4 ಹೆಚ್ಚು ಹಿಡಿಯುತ್ತದೆ. ತಂದ ದಿನವೇ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ನೀರು ಸುರಿದು ನೋಡಿ: 20 ಲೀಟರಿನ ಒಂದು ಕ್ಯಾನ್, ಮೇಲೆ 15 ಲೀಟರ್, ಬಾಯಿಯ ಅಂಚಿಗೆ ಬರಬೇಕು.

ದೊಡ್ಡ ಕುಂದು ಭಾರ. ಮರಳು ತುಂಬಿದರೆ 50 ಕೆಜಿ ದಾಟುತ್ತದೆ, ಇಬ್ಬರು ಹಿಡಿಯಬೇಕು. ಅದಕ್ಕೇ ತಳವಿಲ್ಲದ ಪೆಟ್ಟಿಗೆ ಒಳ್ಳೆಯದು: ತಗಡಿನ ಹಾಳೆಯ ಮೇಲಿಟ್ಟು ತುಂಬಿ, ಪೆಟ್ಟಿಗೆಯನ್ನಷ್ಟೇ ಮೇಲೆತ್ತಿ, ಉಳಿದ ರಾಶಿಯನ್ನು ಸಲಿಕೆಯಲ್ಲಿ ಎಳೆದುಕೊಳ್ಳಬಹುದು. ಯಾವುದೇ ಆಗಲಿ, ಪಟ್ಟಿ ಎಳೆದು ತಲೆ ಸವರಲೇಬೇಕು. ಸರಾಸರಿ 2 ಇಂಚು ರಾಶಿ ಏರಿಸಿದರೆ ಆರನೇ ಒಂದು ಪಾಲು ಹೆಚ್ಚು ಹೋಯಿತು.

ಪೆಟ್ಟಿಗೆ ಎಷ್ಟೇ ಸರಿಯಿದ್ದರೂ ಅದಕ್ಕೆ ತಿಳಿಯದ್ದು ಮರಳಿನ ತೇವ. ತುಸು ನೆನೆದ ಮರಳು ಉಬ್ಬಿ ಹೆಚ್ಚು ಜಾಗ ಹಿಡಿಯುತ್ತದೆ, ಹಾಗಾಗಿ ಪೆಟ್ಟಿಗೆ ತುಂಬಿದರೂ ಒಳಗಿರುವ ಮರಳು ಕಡಿಮೆ. ಪರೀಕ್ಷೆ ಸುಲಭ. ನೆಟ್ಟಗಿನ ಗಾಜಿನ ಜಾಡಿಯಲ್ಲಿ 20 ಸೆಂ.ಮೀ. ಮರಳು ತುಂಬಿ, ಹೊರಗೆ ತೆಗೆದು, ಜಾಡಿಗೆ ಅರ್ಧ ನೀರು ಹಾಕಿ, ಮರಳನ್ನು ಮತ್ತೆ ಸುರಿದು ಕಲಕಿ. 16 ಸೆಂ.ಮೀ.ಗೆ ಕೂತರೆ ಉಬ್ಬು 4/16, ಅಂದರೆ ಶೇ. 25. ಆಗ ಒಂದೂವರೆ ಪೆಟ್ಟಿಗೆಗೆ ಬದಲು 1.875 ಪೆಟ್ಟಿಗೆ ಹಾಕಬೇಕು; ಎರಡನೇ ಪೆಟ್ಟಿಗೆಯನ್ನು ಅಂಚಿಗಿಂತ ಒಂದೂವರೆ ಇಂಚು ಕೆಳಗೆ ನಿಲ್ಲಿಸಿದರೆ ಲೆಕ್ಕ ಸರಿ. ಮಳೆ ಬಿದ್ದ ಮರುದಿನ ಮತ್ತೆ ನೋಡಿ. ಜಲ್ಲಿಗೆ ಈ ರಗಳೆ ಇಲ್ಲ.

ಮರಳಿನಲ್ಲಿರುವ ನೀರೂ ಲೆಕ್ಕಕ್ಕೆ ಬರುತ್ತದೆ. ಚೀಲಕ್ಕೆ 25 ಲೀಟರ್ ನೀರು ಅಂದುಕೊಂಡರೆ, ಶೇ. 5 ತೇವದ ಮರಳೇ ಸುಮಾರು 4 ಲೀಟರ್ ತಂದಿರುತ್ತದೆ, ಅಷ್ಟನ್ನು ಕಳೆಯಿರಿ. ಎಂ20ರ ಈ ಮಿಶ್ರಣಕ್ಕೆ ಐಎಸ್ 456 ಕೊಟ್ಟಿರುವ ಗರಿಷ್ಠ ಮಿತಿ 30 ಲೀಟರ್. ಗಟ್ಟಿಯಾಯಿತೆಂದು ಪೈಪ್ ಹಿಡಿಯುವವರನ್ನು ಯಾವ ಪೆಟ್ಟಿಗೆಯೂ ತಡೆಯುವುದಿಲ್ಲ.

ಎಂ25 ಮತ್ತು ಮೇಲಿನ ದರ್ಜೆಗೆ ಈ ಪೆಟ್ಟಿಗೆ ಕೊಳ್ಳಬೇಡಿ. ಅಲ್ಲಿ ಡಿಸೈನ್ ಮಿಕ್ಸ್ (ಸಾಮಗ್ರಿ ಪರೀಕ್ಷಿಸಿ ಲೆಕ್ಕ ಹಾಕಿದ ಮಿಶ್ರಣ) ಮಾಡಿಸಿ, ತೂಕದ ಲೆಕ್ಕದಲ್ಲೇ ಹಾಕಿಸಬೇಕು.