ಎರಡು ರೂಟರ್, ಒಂದು ಗೇಟ್‌ವೇ: ರಿಡೈರೆಕ್ಟ್ ಇರಬೇಕಾ, ಬೇಡವಾ?

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಲೈನ್ ಹೋಗೋದು ಮಾಮೂಲು. ಅದಕ್ಕೇ ನಮ್ಮ ಶಿವಮೊಗ್ಗದ ಆಫೀಸಿನಲ್ಲಿ ಎರಡು ರೂಟರ್ ಇಟ್ಟಿದ್ದೇವೆ. ಪಿಸಿಗಳಿಗೆಲ್ಲ ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲು, ಒಂದೇ: 192.168.10.1 (ಮುಂದೆ ಬರೀ .1) ಎಂಬ ವರ್ಚುವಲ್ ವಿಳಾಸ, ಯಾವ ರೂಟರ್‌ಗೂ ಸ್ವಂತದ್ದಲ್ಲ. ಸ್ವಂತ ವಿಳಾಸ ಮೊದಲನೆಯದಕ್ಕೆ .2, ಎರಡನೆಯದಕ್ಕೆ .3. ಒಂದು ರೂಟರ್ ಮಲಗಿದರೆ ಇನ್ನೊಂದು ಅದನ್ನು ಹೊತ್ತುಕೊಳ್ಳುತ್ತದೆ. ತೀರ್ಥಹಳ್ಳಿ ಶಾಖೆಯ ಫೈಬರ್ ಬರೋದು ಎರಡನೇ ರೂಟರ್‌ಗೆ. ಅದು ಕೈಕೊಟ್ಟರೆ ಮೊದಲನೆಯದರಲ್ಲಿ ವಿಪಿಎನ್ ಇದೆ.

ತೊಡಕು ಇಲ್ಲೇ. ಶಾಖೆಯ ಪ್ಯಾಕೆಟ್ ಮೊದಲ ರೂಟರ್‌ಗೆ ಬಂದು, ಬಂದ ಪೋರ್ಟಿನಿಂದಲೇ ಎರಡನೆಯದಕ್ಕೆ ಹೋಗಬೇಕು. ಆಗ ರೂಟರ್ ಪಿಸಿಗೆ ಐಸಿಎಂಪಿ ರಿಡೈರೆಕ್ಟ್ ಎಂಬ ದಾರಿ ತೋರುವ ಸಂದೇಶ ಕಳಿಸುತ್ತದೆ: "ನನ್ನ ಹತ್ರ ಯಾಕೆ, ಸೀದಾ .3ಕ್ಕೆ ಹೋಗು."

ಮೊದಲು ನೋಡಿದ್ದು ವಿಆರ್‌ಆರ್‌ಪಿ (ರೂಟರ್‌ಗಳು ವರ್ಚುವಲ್ ವಿಳಾಸ ಹಂಚಿಕೊಳ್ಳುವ ಪ್ರೋಟೋಕಾಲ್) ಇರುವ ಒಂದು ರೆಡಿಮೇಡ್ ಜೋಡಿ. ಎರಡನೇ ರೂಟರ್‌ನ ಪ್ಲಗ್ ಕಿತ್ತೆ. ಇಂಟರ್ನೆಟ್ ಆರಾಮಾಗಿ ಓಡುತ್ತಿತ್ತು, ಶಾಖೆಯ ಸರ್ವರ್ ಮಾತ್ರ ಇಲ್ಲ! ಲಿನಕ್ಸ್ ಪಿಸಿಯಲ್ಲಿ 'ಐಪಿ ರೂಟ್ ಗೆಟ್' ಹೊಡೆದರೆ ದಾರಿ .3 ಅಂತ, ಪಕ್ಕದಲ್ಲಿ 'ರಿಡೈರೆಕ್ಟೆಡ್' ಅಂತ ಬಂತು. .3 ಆ ರೂಟರ್‌ನ ಸ್ವಂತ ವಿಳಾಸ, ಅದನ್ನು ಬೇರೆ ಯಾರೂ ಹೊರುವುದಿಲ್ಲ. ಲಿನಕ್ಸ್ ಇದನ್ನು 300 ಸೆಕೆಂಡ್ ನೆನಪಿಟ್ಟುಕೊಳ್ಳುತ್ತದೆ. ಕೌಂಟರ್ ಮುಂದೆ ಜನ ನಿಂತಿರುವಾಗ ಅದು ಬಹಳ ಜಾಸ್ತಿ.

ಲಿನಕ್ಸ್ ರೂಟರ್‌ಗಳ ಮೇಲೆ ಕೀಪ್‌ಅಲೈವ್‌ಡಿ (ಲಿನಕ್ಸ್‌ನಲ್ಲಿ ವಿಆರ್‌ಆರ್‌ಪಿ ನಡೆಸುವ ತಂತ್ರಾಂಶ) ಹಾಕಿದಾಗ ತಮಾಷೆ ಬೇರೆ. ಮಾಮೂಲು ಸೆಟ್ಟಿಂಗ್‌ನಲ್ಲಿ ರಿಡೈರೆಕ್ಟ್ ಹೊರಡುವುದು .2ರಿಂದ, ಅಂದರೆ ರೂಟರ್‌ನ ಸ್ವಂತ ವಿಳಾಸದಿಂದ. ಪಿಸಿಗೆ ಗೊತ್ತಿರುವ ಗೇಟ್‌ವೇ .1. ಗೇಟ್‌ವೇ ಅಲ್ಲದವರ ಮಾತು ಕೇಳಬಾರದು ಅನ್ನೋದು ನಿಯಮ, ಹಾಗಾಗಿ ಪಿಸಿ ಅದನ್ನು ಸುಮ್ನೆ ಬಿಸಾಕುತ್ತದೆ. ಹೋಸ್ಟ್ ಬಳಸಿದ ವಿಳಾಸದಿಂದಲೇ ರಿಡೈರೆಕ್ಟ್ ಬರಬೇಕು ಎಂದು ವಿಆರ್‌ಆರ್‌ಪಿಯ ನಿಯಮ ಹೇಳುವ ದಾಖಲೆ, 2010ರ ಆರ್‌ಎಫ್‌ಸಿ 5798 ಹೇಳುತ್ತದೆ. ಅಂದರೆ ಇಲ್ಲಿ ಬಚಾವಾಗಿದ್ದು ರೂಟರ್ ಈ ನಿಯಮ ಪಾಲಿಸದೇ ಇದ್ದದ್ದಕ್ಕೆ. ಇಂಥದ್ದನ್ನು ನಂಬಿ ಕೂರೋಕಾಗುತ್ತಾ?

ಜಾಣತನ ಕಂಡಿದ್ದು ಇದೇ ಕೆಲಸ ಮಾಡುವ ಸಿಸ್ಕೋದ ಸ್ವಂತ ಪ್ರೋಟೋಕಾಲ್ ಎಚ್‌ಎಸ್‌ಆರ್‌ಪಿಯಲ್ಲಿ. ಹಳೇ ಐಒಎಸ್‌ನಲ್ಲಿ (ಸಿಸ್ಕೋ ರೂಟರ್‌ನ ತಂತ್ರಾಂಶ) ಎಚ್‌ಎಸ್‌ಆರ್‌ಪಿ ಹಾಕಿದರೆ ರಿಡೈರೆಕ್ಟ್ ತಾನಾಗಿ ಆಫ್ ಆಗುತ್ತಿತ್ತು. ಆಮೇಲಿನವು ರಿಡೈರೆಕ್ಟ್‌ನೊಳಗಿನ ಎರಡನೇ ರೂಟರ್‌ನ ಸ್ವಂತ ವಿಳಾಸ ತೆಗೆದು ಅದು ಹೊತ್ತಿರುವ ವರ್ಚುವಲ್ ವಿಳಾಸ ತುಂಬುತ್ತವೆ. ಒಂದೊಂದು ವರ್ಚುವಲ್ ವಿಳಾಸಕ್ಕೂ ಒಂದೊಂದು ಗುಂಪು, ಅದನ್ನು ಸದ್ಯ ಹೊತ್ತಿರುವ ರೂಟರ್ ಆಕ್ಟಿವ್. ಎರಡನೇ ರೂಟರ್ ಯಾವ ಗುಂಪಿನಲ್ಲೂ ಆಕ್ಟಿವ್ ಇಲ್ಲದಿದ್ದರೆ ಮೊದಲನೆಯದು ರಿಡೈರೆಕ್ಟ್ ಕಳಿಸುವುದೇ ಇಲ್ಲ. ಅದಕ್ಕೆ .254 ಅಂತ ಇನ್ನೊಂದು ಗುಂಪು ಮಾಡಿ, ಅದರಲ್ಲಿ ಎರಡನೆಯದನ್ನು ಆಕ್ಟಿವ್ ಮಾಡಿ, ಅದರ ಪ್ಲಗ್ ಕಿತ್ತೆ. ಆಕ್ಟಿವ್ ರೂಟರ್ ಸದ್ದಿಲ್ಲದಿದ್ದರೆ ಕಾಯುವ ಡೀಫಾಲ್ಟ್ ಹೋಲ್ಡ್ ಟೈಮ್ 10 ಸೆಕೆಂಡ್. ಅದು ಮುಗಿದದ್ದೇ ಮೊದಲ ರೂಟರ್ .254 ಹಿಡಿದುಕೊಂಡಿತು, ಶಾಖೆ ಮತ್ತೆ ಸಿಕ್ಕಿತು. ಆದರೆ ಎರಡೆರಡು ಗುಂಪು ನೋಡಿಕೊಳ್ಳುವ ಕೆಲಸ, ಮೇಲೆ ಸಿಸ್ಕೋ ಖರ್ಚು.

ನಾನು ಉಳಿಸಿಕೊಂಡಿದ್ದು ಕೀಪ್‌ಅಲೈವ್‌ಡಿ, ರಿಡೈರೆಕ್ಟ್ ಪೂರ್ತಿ ಆಫ್. ಪ್ಯಾಕೆಟ್ ಒಂದೇ ಲ್ಯಾನ್‌ನಲ್ಲಿ ಎರಡು ಸಲ ಓಡಾಡುತ್ತೆ, ಗಿಗಾಬಿಟ್ ಸ್ವಿಚ್‌ಗೆ ಅದೇನು ಭಾರ ಅಲ್ಲ. ಒಂದೇ ಎಚ್ಚರ: ರೂಟರ್‌ನ ಲಿನಕ್ಸ್ ಸೆಟ್ಟಿಂಗ್ 'ಸೆಂಡ್ ರಿಡೈರೆಕ್ಟ್ಸ್' ಅನ್ನು 'ಆಲ್'ನಲ್ಲೂ ಸೊನ್ನೆ ಮಾಡಿ, ಲ್ಯಾನ್ ಕಡೆಯ ಇಂಟರ್‌ಫೇಸಿನಲ್ಲೂ (ಪೋರ್ಟಿನಲ್ಲೂ) ಸೊನ್ನೆ ಮಾಡಿ. ಎರಡರಲ್ಲಿ ಒಂದು 1 ಇದ್ದರೂ ಲಿನಕ್ಸ್ ಕಳಿಸುತ್ತಲೇ ಇರುತ್ತದೆ.