ಥರ್ಮೋಕೋಲ್ ಅಚ್ಚಿನ ಗೋಡೆ: ಒಂಟಾರಿಯೊದಲ್ಲಿ ನಾವೇ ಕಟ್ಟಿದ ಮನೆ

ನಮ್ಮ ಊರುಗಳಲ್ಲಿ ಮನೆಯನ್ನು ಕಟ್ಟುವುದಿಲ್ಲ, ಕಟ್ಟಿಸುತ್ತೇವೆ. ಮೇಸ್ತ್ರಿ, ಗಾರೆಯವರು, ಕಂಬಿ ಕಟ್ಟುವವರು, ಸೆಂಟ್ರಿಂಗ್‌ನವರು ಎಲ್ಲರೂ ಬೇರೆ ಬೇರೆ. ಯಜಮಾನನ ಪಾಲಿಗೆ ಉಳಿಯುವುದು ಹಣ ಹೊಂದಿಸುವುದು ಮತ್ತು ಸಂಜೆ ಬಂದು ಗೋಡೆಗೆ ನೀರು ಹೊಡೆಯುವುದು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಜಾಗದ ಒಡೆಯನೇ ಕಟ್ಟಡ ಪರವಾನಗಿ ಪಡೆದು, ಹೊಣೆಯನ್ನೆಲ್ಲ ತಾನೇ ಹೊತ್ತು, ಕೈಲಾದಷ್ಟು ಕೆಲಸವನ್ನು ತಾನೇ ಮಾಡಿಕೊಳ್ಳಬಹುದು. ಹೀಗೆ ಕಟ್ಟಿದ ಮನೆಗೆ ಇಲ್ಲಿನ ಹೊಸ ಮನೆಗಳಿಗೆ ಸಿಗುವ ಟೇರಿಯನ್ ವಾರಂಟಿ ಸಿಗುವುದಿಲ್ಲ. ಅದನ್ನು ತಿಳಿದೇ ನಾನು ಮತ್ತು ನನ್ನ ಪತ್ನಿ 40 ಅಡಿಗೆ 30 ಅಡಿಯ ಮನೆಯೊಂದರ ಗೋಡೆಗಳನ್ನು ಐಸಿಎಫ್ (ಇನ್ಸುಲೇಟಿಂಗ್ ಕಾಂಕ್ರೀಟ್ ಫಾರ್ಮ್) ಬ್ಲಾಕ್‌ಗಳಿಂದ ಎಬ್ಬಿಸಿದೆವು. ನೆಲಮಾಳಿಗೆ ಗುತ್ತಿಗೆದಾರರದು, ಅದರ ಮೇಲಿನ ಅಂತಸ್ತು ನಮ್ಮದು. ಆ ಬ್ಲಾಕ್‌ಗಳ ಬಗ್ಗೆ, ಅವುಗಳ ಜೊತೆಗೆ ನಮಗೆ ದೊರೆತ (ಮತ್ತು ದೊರೆಯದ) ಸೇವೆಯ ಬಗ್ಗೆ ಈ ವಿಮರ್ಶೆ.

ಐಸಿಎಫ್ ಎಂದರೆ ಕಾಂಕ್ರೀಟ್ ಹಾಕಿದ ಮೇಲೆ ಬಿಚ್ಚದೆ ಗೋಡೆಯಲ್ಲೇ ಉಳಿಸುವ ಸೆಂಟ್ರಿಂಗ್. ನಾವು ಥರ್ಮೋಕೋಲ್ ಎಂದು ಕರೆಯುವ ವಸ್ತುವನ್ನೇ ಹೆಚ್ಚು ಗಟ್ಟಿಯಾಗಿ ಒತ್ತಿ ಮಾಡಿದ ಎರಡು ಹಲಗೆಗಳನ್ನು ಪ್ಲಾಸ್ಟಿಕ್ ಪಟ್ಟಿಗಳು ಹಿಡಿದಿರುತ್ತವೆ. ನಡುವಿನ ಟೊಳ್ಳಿನಲ್ಲಿ ಕಂಬಿ ಕಟ್ಟಿ ಕಾಂಕ್ರೀಟ್ ತುಂಬಿದರೆ ಗೋಡೆಯೂ ಶಾಖನಿರೋಧಕವೂ ಒಟ್ಟಿಗೆ ಸಿದ್ಧವಾಗುತ್ತವೆ. ನಾವು ಕೊಂಡ ಬ್ಲಾಕ್ 48 ಇಂಚು ಉದ್ದ, 16 ಇಂಚು ಎತ್ತರ. ಹಲಗೆಗಳು ತಲಾ ಎರಡೂವರೆ ಇಂಚು, ನಡುವಿನ ಟೊಳ್ಳು ಆರೂಕಾಲು ಇಂಚು. ಖಾಲಿ ಬ್ಲಾಕನ್ನು ಒಂದೇ ಕೈಯಲ್ಲಿ ಎತ್ತಬಹುದು. ಕೆನಡಾದಲ್ಲಿ ಇಂಥ ಬ್ಲಾಕ್‌ಗಳಿಗೆ ಕ್ಯಾನ್/ಯುಎಲ್‌ಸಿ-ಎಸ್717.1 ಎಂಬ ಪ್ರತ್ಯೇಕ ಮಾನದಂಡವಿದೆ. ಕೊಳ್ಳುವ ಮೊದಲು ಅದರ ಪ್ರಮಾಣಪತ್ರವನ್ನು ಕೇಳಿ ಪಡೆದರೆ ಪರವಾನಗಿ ಕಚೇರಿಯಲ್ಲಿ ಅಲೆದಾಟ ಕಡಿಮೆಯಾಗುತ್ತದೆ.

ಮಕ್ಕಳ ಆಟಿಕೆಯ ಹಾಗೆ ಜೋಡಿಸಿಕೊಂಡು ಹೋದರಾಯಿತು ಎಂಬ ಜಾಹೀರಾತಿನ ಮಾತು ಜೋಡಣೆಯ ಮಟ್ಟಿಗೆ ಸುಳ್ಳಲ್ಲ. ನಮ್ಮ ಅಳತೆಯ ಮನೆಗೆ ಕಿಟಕಿ ಬಾಗಿಲುಗಳನ್ನು ಕಳೆಯದೆ ಲೆಕ್ಕ ಹಾಕಿದರೆ ಒಂದು ವರಸೆಗೆ 35 ಬ್ಲಾಕ್, ಏಳು ವರಸೆಗೆ 245. ಗರಗಸ, ರಸಮಟ್ಟ, ದಾರ ಇದ್ದರೆ ಇಬ್ಬರೇ ಜೋಡಿಸಬಹುದು. ಆದರೆ ಮೊದಲ ವರಸೆಯೊಂದೇ ನಮ್ಮಿಂದ ಎರಡು ದಿನ ತೆಗೆದುಕೊಂಡಿತು. ನೆಲಮಾಳಿಗೆಯ ಗೋಡೆಯ ತಲೆ ಒಂದು ಮೂಲೆಯಲ್ಲಿ ಅರ್ಧ ಇಂಚು ತಗ್ಗಿತ್ತು. ಇಟ್ಟಿಗೆಯಾಗಿದ್ದರೆ ಮೇಸ್ತ್ರಿ ಗಾರೆಯನ್ನು ದಪ್ಪಗೆ ಹಾಕಿ ಅದನ್ನು ನುಂಗಿಬಿಡುತ್ತಿದ್ದ. ಇಲ್ಲಿ ಗಾರೆಯೇ ಇಲ್ಲದ್ದರಿಂದ ಕೆಳಗಿನ ಅರ್ಧ ಇಂಚು ಏಳನೆಯ ವರಸೆಯವರೆಗೂ ಏರುತ್ತದೆ. ತಗ್ಗಿದ ಕಡೆ ಸಣ್ಣ ಚಕ್ಕೆಗಳನ್ನು ಕೊಟ್ಟು, ಎತ್ತರವಾದ ಕಡೆ ಬ್ಲಾಕಿನ ತಳವನ್ನು ತುರಿದು, ಸಂದಿಗೆ ಫೋಮ್ ತುಂಬಿದ ಮೇಲೆಯೇ ಮುಂದಿನ ವರಸೆಗೆ ಕೈ ಹಾಕಿದೆವು. ಮೂಲೆಯ ಬ್ಲಾಕ್‌ಗಳಲ್ಲಿ ಎಡ ಮತ್ತು ಬಲ ಎಂಬ ಎರಡು ಜಾತಿಗಳಿವೆ, ವರಸೆಗೊಮ್ಮೆ ಅದಲು ಬದಲಾಗಬೇಕು. ನಮಗೆ ಬಂದ ಲೋಡಿನಲ್ಲಿ ಬಲದವು ಹೆಚ್ಚಾಗಿ ಎಡದವು ಕಡಿಮೆಯಾಗಿದ್ದವು. ಬದಲಿ ಬರಲು ಒಂಬತ್ತು ದಿನ ಹಿಡಿಯಿತು. ಲಾರಿ ಹೋಗುವ ಮೊದಲು ಎಣಿಸಿಕೊಳ್ಳದಿದ್ದದ್ದು ನಮ್ಮ ತಪ್ಪು, ಒಂಬತ್ತು ದಿನ ಮಾಡಿದ್ದು ಅವರ ತಪ್ಪು.

ಈ ಗೋಡೆಯಲ್ಲಿ ಆಮೇಲೆ ನೋಡಿಕೊಳ್ಳೋಣ ಎಂಬ ಮಾತು ನಡೆಯುವುದಿಲ್ಲ. ನೀರಿನ ಕೊಳವೆ, ವಿದ್ಯುತ್ ಕೇಬಲ್, ಬಟ್ಟೆ ಒಣಗಿಸುವ ಯಂತ್ರದ ಗಾಳಿ ಎಲ್ಲವಕ್ಕೂ ಕಾಂಕ್ರೀಟ್ ಬೀಳುವ ಮೊದಲೇ ಗೋಡೆಯ ಆಚೆಯಿಂದ ಈಚೆಗೆ ಪೈಪಿನ ತುಂಡು ಇಟ್ಟಿರಬೇಕು. ಇಪ್ಪತ್ತು ಸಲ ಪಟ್ಟಿ ನೋಡಿದ ನಾವು ಅಡುಗೆಮನೆಯ ಹೊಗೆ ಹೊರಹಾಕುವ ಫ್ಯಾನಿನ ಕೊಳವೆಯನ್ನೇ ಮರೆತೆವು. ದಿನಕ್ಕೆರಡು ಸಲ ಒಗ್ಗರಣೆ ಹಾಕುವ ಮನೆಯವರು ಮರೆಯಬಾರದ ರಂಧ್ರವೇ ಅದು. ಕೊನೆಗೆ ವಜ್ರದ ಹಲ್ಲಿನ ಕೊರೆಯುವ ಯಂತ್ರದವರನ್ನು ಕರೆಸಿ ಗಟ್ಟಿ ಕಾಂಕ್ರೀಟನ್ನೂ ಒಂದು ಕಂಬಿಯನ್ನೂ ಕೊರೆಸಬೇಕಾಯಿತು. ಒಳಗಿನ ವೈರಿಂಗ್ ಮಾತ್ರ ಇದಕ್ಕೆ ಹೊರತು: ಬಿಸಿ ಚಾಕುವಿನಿಂದ ಥರ್ಮೋಕೋಲಿನಲ್ಲಿ ಕಾಲುವೆ ತೋಡಿ ಕೇಬಲ್ ಒತ್ತಿದರೆ ಮುಗಿಯಿತು, ಊರಿನಲ್ಲಿ ಗೋಡೆ ಒಡೆಯುವ ಸದ್ದು ಧೂಳುಗಳು ಇಲ್ಲಿಲ್ಲ.

ಇಷ್ಟೆಲ್ಲ ಆದ ಮೇಲೆ ಬರುವುದು ಕಾಂಕ್ರೀಟ್ ಹಾಕುವ ದಿನ. ಈ ಪದ್ಧತಿಯ ಕಷ್ಟವೆಲ್ಲ ಆ ಒಂದೇ ದಿನದಲ್ಲಿ ಗಂಟು ಬಿದ್ದಿರುತ್ತದೆ ಎಂಬುದು ಈಗ ನನ್ನ ಖಚಿತ ಅಭಿಪ್ರಾಯ. ಇಟ್ಟಿಗೆ ಗೋಡೆಯಲ್ಲಿ ಇಂದಿನ ತಪ್ಪನ್ನು ನಾಳೆ ಕಿತ್ತು ಸರಿಪಡಿಸಬಹುದು; ಇಲ್ಲಿ ಮೂರು ವಾರಗಳ ಕೆಲಸದ ಪರೀಕ್ಷೆ ನಾಲ್ಕು ಗಂಟೆಯಲ್ಲಿ ನಡೆದು, ಫಲಿತಾಂಶ ಕಲ್ಲಾಗಿ ನಿಲ್ಲುತ್ತದೆ. ಹಸಿ ಕಾಂಕ್ರೀಟು ಘನ ಮೀಟರಿಗೆ ಸುಮಾರು 2,400 ಕಿಲೊ ತೂಗುವ ದ್ರವ. 1.2 ಮೀಟರ್ ಎತ್ತರಕ್ಕೆ ತುಂಬಿದಾಗ ತಳದ ಹಲಗೆಯ ಮೇಲೆ ಚದರ ಮೀಟರಿಗೆ ಮೂರು ಟನ್ನಿನಷ್ಟು ಒತ್ತಡ ಬೀಳುತ್ತದೆ. ಇಡೀ ಗೋಡೆಯನ್ನು ಒಂದೇ ಬಾರಿಗೆ ತುಂಬಿಬಿಟ್ಟರೆ ಅದು ಆರು ಟನ್ ದಾಟುತ್ತದೆ. ಆದ್ದರಿಂದಲೇ ಮನೆಯ ಸುತ್ತ ಮೂರು ಅಥವಾ ನಾಲ್ಕು ಅಡಿ ಎತ್ತರದ ಸುತ್ತುಗಳಲ್ಲಿ ತುಂಬುತ್ತ ಬರಬೇಕು, ಮೊದಲ ಸುತ್ತು ಸ್ವಲ್ಪ ಬಿಗಿದ ಮೇಲೆ ಎರಡನೆಯದು. ಆದರೆ ನಿಧಾನಿಸಲೂ ಆಗದು, ಏಕೆಂದರೆ ಇಲ್ಲಿನ ನಿಯಮದಂತೆ ಕಲಸಿದ ಎರಡು ಗಂಟೆಯೊಳಗೆ ಟ್ರಕ್ ಖಾಲಿಯಾಗಬೇಕು. ನಮ್ಮ ಗೋಡೆಗೆ ಬೇಕಾದದ್ದು ಹತ್ತಿರ ಹತ್ತಿರ 19 ಘನ ಮೀಟರ್, ಅಂದರೆ ಮೂರು ಟ್ರಕ್. ಅವುಗಳ ನಡುವಿನ ಅಂತರವನ್ನು ಮೊದಲೇ ಮಾತನಾಡಿಕೊಳ್ಳದಿದ್ದರೆ ಮೂರೂ ಒಟ್ಟಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತವೆ.

ಜಲ್ಲಿ ಸಣ್ಣದಿರಬೇಕು, ಮಿಶ್ರಣ ಹರಿಯುವಂತಿದ್ದರೂ ನೀರಾಗಿರಬಾರದು, ಪಂಪಿನ ತುದಿಗೆ ಮೂರು ಇಂಚಿನ ಕಿರಿದಾದ ಹೋಸ್ ಇರಬೇಕು, ವೈಬ್ರೇಟರಿನ ತಲೆ ಒಂದು ಇಂಚಿನದಾಗಿರಬೇಕು. ವೈಬ್ರೇಟರ್ ಹೆಚ್ಚಾದರೆ ಬ್ಲಾಕ್ ಬಿರಿಯುತ್ತದೆ, ಕಡಿಮೆಯಾದರೆ ಒಳಗೆ ಜೇನುಗೂಡಿನಂಥ ಟೊಳ್ಳು ಉಳಿಯುತ್ತದೆ. ಸಾಮಾನ್ಯ ಸೆಂಟ್ರಿಂಗಿನಲ್ಲಾದರೆ ಹಲಗೆ ಬಿಚ್ಚಿದಾಗ ಕಾಣುವ ಆ ಟೊಳ್ಳು ಇಲ್ಲಿ ಎಂದಿಗೂ ಕಣ್ಣಿಗೆ ಬೀಳುವುದಿಲ್ಲ. ಹೊರಗಿನಿಂದ ಕೈಯಲ್ಲಿ ತಟ್ಟಿ ಸದ್ದು ಕೇಳುವುದು, ಅನುಮಾನ ಬಂದಲ್ಲಿ ಥರ್ಮೋಕೋಲನ್ನು ಕತ್ತರಿಸಿ ನೋಡುವುದು ಇಷ್ಟೇ ದಾರಿ. ಕಿಟಕಿಗಳ ಕೆಳಗೆ ಕಾಂಕ್ರೀಟ್ ತಾನಾಗಿ ಹರಿದು ಸೇರುತ್ತದೆಂದು ನಂಬಬಾರದು. ಕಿಟಕಿಯ ಮರದ ಅಚ್ಚಿನ ತಳದಲ್ಲಿ ತೂತು ಬಿಟ್ಟುಕೊಂಡು ಅಲ್ಲಿಂದಲೂ ತುಂಬಬೇಕು.

ಗೋಡೆಯನ್ನು ನೆಟ್ಟಗೆ ಹಿಡಿಯುವುದು ಒಳಬದಿಯಲ್ಲಿ ಸುಮಾರು ಆರು ಅಡಿಗೊಂದರಂತೆ ನಿಲ್ಲಿಸುವ ಉಕ್ಕಿನ ಕಂಬಗಳು, ಅವಕ್ಕೆ ತಿರುಪಿನ ಓರೆಗಂಬಗಳು. ಇವನ್ನು ಬಾಡಿಗೆಗೆ ತರಬೇಕು. ಕಾಂಕ್ರೀಟ್ ಹಾಕುವ ಮೊದಲು ಗೋಡೆಯನ್ನು ಕೂದಲೆಳೆಯಷ್ಟು ಒಳಕ್ಕೇ ವಾಲಿಸಿಡಬೇಕೆಂದು ಪಂಪಿನ ಚಾಲಕರು ಹೇಳಿದರು: ತುಂಬಿದ ಗೋಡೆಯನ್ನು ಹೊರಗೆ ತಳ್ಳುವುದು ಸುಲಭ, ಒಳಗೆ ಎಳೆಯುವುದು ಆಗದ ಮಾತು. ಆ ದಿನದ ಅತ್ಯಂತ ಉಪಯುಕ್ತ ಮಾತು ಅದೇ, ಮತ್ತು ಅದು ನಾವು ಹಣ ಕೊಟ್ಟ ತರಬೇತಿಯಲ್ಲಿ ಬಂದಿರಲಿಲ್ಲ. ಬ್ಲಾಕ್ ಮಾರಿದ ಸಂಸ್ಥೆ ತನ್ನ ತಾಂತ್ರಿಕ ಪ್ರತಿನಿಧಿ ಮೊದಲ ವರಸೆಗೂ ಕಾಂಕ್ರೀಟಿನ ದಿನಕ್ಕೂ ಬರುತ್ತಾರೆ ಎಂದು ಬರೆದು ಕೊಟ್ಟಿತ್ತು. ಮೊದಲ ವರಸೆಗೆ ಅವರು ಬಂದು ತಾಳ್ಮೆಯಿಂದ ಕಲಿಸಿದರು, ಅದನ್ನು ಅಲ್ಲಗಳೆಯಲಾರೆ. ಕಾಂಕ್ರೀಟಿನ ದಿನ ಬೆಳಿಗ್ಗೆ ಏಳಕ್ಕೆ ಕರೆ ಮಾಡಿ ಬೇರೆ ಊರಿನಲ್ಲಿರುವುದಾಗಿ ತಿಳಿಸಿದರು. ಬಾಡಿಗೆಯ ಕಂಬಗಳೂ ಆರು ಕಡಿಮೆ ಬಂದಿದ್ದವು. ಕೊರತೆಯನ್ನು ಮರದ ತುಂಡುಗಳಿಂದ ತುಂಬಿಕೊಂಡೆವು. ಆ ಆರರ ಬಾಡಿಗೆಯೂ ಬಿಲ್ಲಿನಲ್ಲಿ ಸೇರಿತ್ತೆಂಬುದು ಆಮೇಲೆ ತಿಳಿಯಿತು.

ಎರಡನೆಯ ಸುತ್ತಿನಲ್ಲಿ, ನಾವು ಅಳತೆಗೆ ಕತ್ತರಿಸಿದ್ದ ಬ್ಲಾಕೊಂದು ಪ್ಲಾಸ್ಟಿಕ್ ಪಟ್ಟಿಯ ಹಿಡಿತ ಸಾಲದೆ ಹೊಟ್ಟೆ ಉಬ್ಬಿಸಿತು. ಪಂಪ್ ನಿಲ್ಲಿಸಿ, ಸಿದ್ಧವಾಗಿಟ್ಟಿದ್ದ ಪ್ಲೈವುಡ್ ಹಾಳೆಯನ್ನು ಅಕ್ಕಪಕ್ಕದ ಪಟ್ಟಿಗಳಿಗೆ ಸ್ಕ್ರೂ ಹೊಡೆದು, ಹಿಂದೆ ಮರದ ಆಸರೆ ಕೊಡಲು ನಾಲ್ಕೈದು ನಿಮಿಷ ಬೇಕಾಯಿತು. ಕತ್ತರಿಸಿದ ತುಂಡು ಇರುವ ಕಡೆಯಲ್ಲೆಲ್ಲ ಈ ಪ್ಲೈವುಡ್ಡನ್ನು ಹಿಂದಿನ ದಿನವೇ ಬಿಗಿದಿಡುವುದು ಜಾಣತನ. ಅಕ್ಟೋಬರ್ ಕೊನೆಯ ಆ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗೆ ಇಳಿಯಿತು. ಗೋಡೆಯ ತಲೆಗೆ ಮಾತ್ರ ಕಂಬಳಿ ಹೊದಿಸಿದೆವು. ಉಳಿದದ್ದನ್ನು ಥರ್ಮೋಕೋಲೇ ಬೆಚ್ಚಗಿಟ್ಟುಕೊಂಡಿತು. ಚಳಿಯ ನಾಡಿನಲ್ಲಿ ಕಟ್ಟಡದ ಋತುವನ್ನು ಒಂದೆರಡು ತಿಂಗಳು ಹಿಗ್ಗಿಸುವ ಈ ಗುಣಕ್ಕೆ ನಾನು ಪೂರ್ಣಾಂಕ ಕೊಡುತ್ತೇನೆ.

ಶಾಖದ ವಿಷಯದಲ್ಲಿ ಮಾರಾಟದ ಮಾತನ್ನು ಸ್ವಲ್ಪ ಸೋಸಿಕೊಳ್ಳಬೇಕು. ಎರಡೂ ಬದಿಯ ಐದು ಇಂಚು ಥರ್ಮೋಕೋಲಿನಿಂದ ಸುಮಾರು ಆರ್-22 ನಿರೋಧ ಸಿಗುತ್ತದೆ (ಆರ್ ಎಂಬುದು ಶಾಖವನ್ನು ತಡೆಯುವ ಶಕ್ತಿಯ ಅಳತೆ, ಅಂಕಿ ಹೆಚ್ಚಿದಷ್ಟೂ ತಡೆ ಹೆಚ್ಚು). ಕಾಂಕ್ರೀಟಿನಿಂದ ಬರುವುದು ನಗಣ್ಯ. ಕಾಂಕ್ರೀಟಿನ ರಾಶಿ ಶಾಖವನ್ನು ಹಿಡಿದಿಡುವುದರಿಂದ ಇದು ಆರ್-40ಕ್ಕೂ ಆರ್-50ಕ್ಕೂ ಸಮ ಎನ್ನುವವರಿದ್ದಾರೆ. ಆದರೆ ಆ ರಾಶಿ ಕೋಣೆಯಿಂದ ಎರಡೂವರೆ ಇಂಚು ಥರ್ಮೋಕೋಲಿನ ಆಚೆ ಇದೆ, ಹೊರಗೆ ತಿಂಗಳುಗಟ್ಟಲೆ ಒಂದೇ ಸಮನೆ ಚಳಿ. ಮನೆ ನಿಜಕ್ಕೂ ಬೆಚ್ಚಗಿರುವುದು ಗೋಡೆಯಲ್ಲಿ ಗಾಳಿ ನುಸುಳುವ ಸಂದಿಗಳಿಲ್ಲದ ಕಾರಣಕ್ಕೆ. ಅದೇ ಕಾರಣಕ್ಕೆ, ಶಾಖವನ್ನು ಉಳಿಸಿಕೊಂಡು ಗಾಳಿಯನ್ನು ಬದಲಿಸುವ ಯಂತ್ರ ಕಡ್ಡಾಯವೆಂದೇ ತಿಳಿಯಬೇಕು; ಇಲ್ಲವಾದರೆ ಅನ್ನದ ಆವಿಯೂ ಕಿಟಕಿಯ ಗಾಜಿನ ಮೇಲೆ ನಿಲ್ಲುತ್ತದೆ. ಒಳಗೆ ಬೆಂಕಿಯ ಸುರಕ್ಷೆಗಾಗಿ ಜಿಪ್ಸಮ್ ಹಲಗೆ ಮುಚ್ಚಲೇಬೇಕು. ಹೊರಗಿನ ಥರ್ಮೋಕೋಲ್ ಬಿಸಿಲಿಗೆ ಹಳದಿಯಾಗಿ ಪುಡಿ ಉದುರಿಸುವುದರಿಂದ ಹೊರಹೊದಿಕೆಯನ್ನೂ ಮುಂದೂಡುವಂತಿಲ್ಲ.

ಬೆಂಗಳೂರು, ಶಿವಮೊಗ್ಗಗಳ ಗೆಳೆಯರು ಅಲ್ಲಿಗೂ ಇದು ಆಗಬಹುದೇ ಎಂದು ಕೇಳಿದ್ದಾರೆ. ಬೆಂಗಳೂರಿನ ಹವೆಗೆ ಇಷ್ಟು ನಿರೋಧದ ಅಗತ್ಯ ಕಾಣೆ. ಜೊತೆಗೆ ಗೆದ್ದಲು ಥರ್ಮೋಕೋಲನ್ನು ತಿನ್ನದಿದ್ದರೂ ಅದರೊಳಗೆ ಕಣ್ಣಿಗೆ ಕಾಣದ ದಾರಿ ಕೊರೆಯುತ್ತದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಮಣ್ಣಿಗೆ ತಾಗುವ ಕಡೆ ಇದರ ಬಳಕೆಗೆ ನಿರ್ಬಂಧಗಳಿರುವುದು ಆ ಕಾರಣಕ್ಕೇ.

ನನ್ನ ಅಂಕಗಳು ಇವು: ಬ್ಲಾಕಿಗೆ ಐದರಲ್ಲಿ ನಾಲ್ಕೂವರೆ, ಪೂರೈಕೆದಾರರ ಸೇವೆಗೆ ಎರಡು. ಕೂಲಿಯಲ್ಲಿ ಉಳಿಸಿದ ಹಣದ ದೊಡ್ಡ ಪಾಲು ಪಂಪ್, ಕಂಬಗಳ ಬಾಡಿಗೆ ಮತ್ತು ಆ ಒಂದು ರಂಧ್ರಕ್ಕೆ ಹೋಯಿತು. ಮರದ ಗೋಡೆಗಿಂತ ಇದು ಅಗ್ಗವಾಗಲಿಲ್ಲ. ಮತ್ತೊಮ್ಮೆ ಕಟ್ಟುವುದಾದರೆ ಜೋಡಣೆಯನ್ನು ನಾವೇ ಮಾಡಿ, ಕಾಂಕ್ರೀಟಿನ ದಿನಕ್ಕೆ ಮಾತ್ರ ಈ ಕೆಲಸವನ್ನು ಹತ್ತಾರು ಸಲ ಮಾಡಿದ ಒಬ್ಬರನ್ನು ದಿನಗೂಲಿ ಕೊಟ್ಟು ಕರೆಸುತ್ತೇವೆ. ಆ ಪಂಪಿನ ಚಾಲಕರ ದೂರವಾಣಿ ಸಂಖ್ಯೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.