ಒಂಬತ್ತು ಪೇಪರ್ ಮಾಫಿ ಅಂದರೆ ನಂಬಬೇಡಿ

ಬೇರೆ ಡಿಗ್ರಿ ಮಾಡಿ ಅಕೌಂಟ್ಸ್ ಕಡೆ ಬರಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯುವುದಕ್ಕೇ ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರು ಈ ಹಳ್ಳಕ್ಕೆ ಬೀಳಬಾರದು.

ನನ್ನದು ಸಸ್ಯಶಾಸ್ತ್ರದ ಪದವಿ. ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಅಂತಲೂ ಗೊತ್ತಿರಲಿಲ್ಲ. ಎಸಿಸಿಎ (ಅದೇ ಹೆಸರಿನ ಬ್ರಿಟನ್ ಸಂಸ್ಥೆ ನಡೆಸುವ, 13 ಪೇಪರಿನ ಅಕೌಂಟ್ಸ್ ಕೋರ್ಸು) ಮಾಡೋಣ ಅಂತ ಒಂದು ಕೋಚಿಂಗ್ ಸೆಂಟರಿಗೆ ಹೋದೆ. ಅಲ್ಲಿನ ಕೌನ್ಸೆಲರ್ ನನ್ನ ಅಂಕಪಟ್ಟಿಯನ್ನು ಹಾಗೇ ಒಮ್ಮೆ ತಿರುಗಿಸಿ ನೋಡಿದರು. ಒಂದು ಹಾಳೆಯಲ್ಲಿ 13 ಅಂತ ಬರೆದರು. ಕೆಳಗೆ 9. ಗೆರೆ ಎಳೆದು 4. "ನೋಡಿ ಮೇಡಂ, ಡಿಗ್ರಿ ಆಗಿದೆಯಲ್ಲ, 9 ಪೇಪರ್ ಮಾಫಿ. ನಾಲ್ಕೇ ನಾಲ್ಕು ಬರೆದರೆ ಸಾಕು. ಕೆಲಸ ಗ್ಯಾರಂಟಿ." ಆ 4ರ ಸುತ್ತ ಪೆನ್ನಿನಲ್ಲಿ ಎರಡು ಸಲ ಸುತ್ತು ಹಾಕಿದರು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಂತಿನಲ್ಲಿ ಕಟ್ಟುತ್ತೇನೆ ಅಂದೆ. "ರಿಯಾಯಿತಿ ಇವತ್ತಿಗೇ ಮುಗಿಯುತ್ತೆ" ಅಂದರು. ಪೂರ್ತಿ ಫೀಸು ಅಂದೇ ಕಟ್ಟಿಬಿಟ್ಟೆ.

ಪಾಠ ನೇರ ಕೊನೆಯ ಹಂತದ ಪೇಪರಿನಿಂದ ಶುರು. ಹತ್ತಾರು ಕಂಪನಿಗಳ ಲೆಕ್ಕ ಒಟ್ಟುಗೂಡಿಸುವುದನ್ನು ಹೇಳಿಕೊಡುತ್ತಿದ್ದರು, ನನಗೆ ಟ್ರಯಲ್ ಬ್ಯಾಲೆನ್ಸ್ (ಡೆಬಿಟ್, ಕ್ರೆಡಿಟ್ ಎರಡರ ಮೊತ್ತ ತಾಳೆ ನೋಡುವ ಪಟ್ಟಿ) ಕೂಡ ಬರುತ್ತಿರಲಿಲ್ಲ. ಕೇಳಿದರೆ "ಬರ್ತಾ ಬರ್ತಾ ಅರ್ಥ ಆಗುತ್ತೆ".

ಎರಡು ತಿಂಗಳಾದ ಮೇಲೆ ಎಸಿಸಿಎಗೆ ನೋಂದಣಿ ಮಾಡಿ ಅಂಕಪಟ್ಟಿ ಕಳಿಸಿದೆ. ಉತ್ತರ ಬಂತು. ವಿನಾಯಿತಿ ಒಂದೂ ಇಲ್ಲ. 13ಕ್ಕೆ 13 ಪೇಪರೂ ಹಾಗೇ ಸಾಲಾಗಿ ನಿಂತಿದ್ದವು. ಪುಟ ಮುಚ್ಚಿ ಮತ್ತೆ ತೆರೆದೆ. ಮತ್ತೆ ತೆರೆದೆ. ಅದೇ. ಮನೆಯಲ್ಲಿ ಎಲ್ಲರಿಗೂ "ನಾಲ್ಕೇ ಪೇಪರ್" ಅಂತ ಹೇಳಿಕೊಂಡು ಬಂದಿದ್ದೆ.

ಫೋನ್ ಮಾಡಿದರೆ ಕೌನ್ಸೆಲರ್ ಏನಂದರು ಗೊತ್ತಾ? "ನಾವು 9ರವರೆಗೆ ಅಂದಿದ್ದು ಮೇಡಂ. ಸೊನ್ನೆಯೂ ಅದರೊಳಗೇ ಬರುತ್ತಲ್ವಾ?" ಮಾತೇ ಹೊರಡಲಿಲ್ಲ. ಫೀಸು ವಾಪಸ್ ಕೊಡಿ ಅಂದೆ. "ಫಾರಂಗೆ ಸಹಿ ಹಾಕಿದ್ದೀರಿ." ಕೆಲಸದ ಗ್ಯಾರಂಟಿ? "ಸಂದರ್ಶನಕ್ಕೆ ಕಳಿಸ್ತೀವಿ ಅಂತ ಅದರರ್ಥ." ಎಸಿಸಿಎ ಸದಸ್ಯತ್ವ ಸಿಗಲು ಪರೀಕ್ಷೆಯ ಜೊತೆ 36 ತಿಂಗಳ ಕೆಲಸದ ಅನುಭವವೂ ಬೇಕು ಅನ್ನುವುದನ್ನು ಮೊದಲು ಬಾಯಿಬಿಟ್ಟಿರಲೇ ಇಲ್ಲ. ಅದನ್ನು ಎತ್ತಿದಾಗ "ಅನುಭವದ ಪತ್ರ ಮಾಡಿಸಿ ಕೊಡೋಣ ಬಿಡಿ" ಅಂದರು. ಲೆಕ್ಕಪತ್ರದ ಕೆಲಸಕ್ಕೆ ಸುಳ್ಳು ಪತ್ರ! ಆಗ ನಿಜಕ್ಕೂ ಭಯವಾಯಿತು.

ಎಸಿಸಿಎಯ ತಪ್ಪು ಇದರಲ್ಲಿ ಏನೂ ಇಲ್ಲ. ಡಿಗ್ರಿಯಲ್ಲಿ ಅಕೌಂಟ್ಸ್, ತೆರಿಗೆ, ಕಾನೂನು ಓದಿದವರಿಗೆ ಆಯಾ ಪೇಪರ್ ಬಿಡುತ್ತಾರೆ. ನಾನು ಓದಿದ್ದು ಎಲೆ, ಬೇರು. ಯಾವ ಡಿಗ್ರಿಯವರು ಬೇಕಾದರೂ ಸೇರಬಹುದು ಅನ್ನುವುದು ನಿಜ. ಆದರೆ ಸೇರುವುದು ಬೇರೆ, ಮಾಫಿ ಸಿಗುವುದು ಬೇರೆ. ಇವೆರಡನ್ನೂ ಬೇಕೆಂದೇ ಕಲಸಿ ನನಗೆ ಹೇಳಿದರು. ಬೇಕೆಂದೇ.

ವಿನಾಯಿತಿ ಕೊಡುವುದು ಪರೀಕ್ಷೆ ನಡೆಸುವ ಸಂಸ್ಥೆ, ಕೋಚಿಂಗ್‌ನವರಲ್ಲ. ಯಾವ ಡಿಗ್ರಿಗೆ ಎಷ್ಟು ಅಂತ ಆ ಸಂಸ್ಥೆಯ ವೆಬ್‌ಸೈಟಿನಲ್ಲೇ ಪುಕ್ಕಟೆ ನೋಡಬಹುದು. ಫೀಸು ಕಟ್ಟುವ ಮೊದಲು ನೋಡಿ. "ಇವತ್ತೇ ಕಟ್ಟಿ" ಅಂದವರ ಮುಂದೆ ಕೂರಬೇಡಿ, ಎದ್ದು ಬನ್ನಿ. ಹೇಳಿದ್ದನ್ನೆಲ್ಲ ಬರೆದು ಕೊಡಿ ಅನ್ನಿ.

ಕೋಚಿಂಗ್ ಸೆಂಟರಿನವರು ಈಗ ನನ್ನ ಫೋನ್ ಎತ್ತುತ್ತಿಲ್ಲ. ಆ ಹಾಳೆಯ ಫೋಟೋ ಲಗತ್ತಿಸಿ ದೂರು ಬರೆದಿದ್ದೇನೆ. ಮೊದಲನೇ ಪೇಪರನ್ನು ಮನೆಯಲ್ಲೇ ಓದುತ್ತಿದ್ದೇನೆ. ನಿನ್ನೆ ಮೊದಲ ಸಲ ಟ್ರಯಲ್ ಬ್ಯಾಲೆನ್ಸಿನ ಎರಡೂ ಬದಿ ತಾಳೆಯಾಯಿತು.